ಪೋಸ್ಟ್‌ಮಾರ್ಟಂ ಆಗದ ಸಾವಿಗೆ ‘ಹೃದಯಾಘಾತ’ ಅನ್ನಬಹುದೇ?

ಗೆಳೆಯರೇ,

2025ರ ಮೇ, ಜೂನ್ ತಿಂಗಳಲ್ಲಿ ಹಾಸನದಿಂದ ಸಾಲುಸಾಲು ಸಾವಿನ ಸುದ್ದಿ ಬಂದವು, ನೆನಪಿದೆ ಅಲ್ವಾ? ಬಹುತೇಕ ಎಲ್ಲಕ್ಕೂ ಒಂದೇ ತಲೆಬರಹ: ‘ಹೃದಯಾಘಾತಕ್ಕೆ ಬಲಿ’. ಅವರಲ್ಲಿ ಅನೇಕರ ಪೋಸ್ಟ್‌ಮಾರ್ಟಂ ಆಗಿರಲೇ ಇಲ್ಲ. ಆಮೇಲೆ ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅದರಲ್ಲಿ 4 ಸಾವಿಗೂ ಹೃದಯಕ್ಕೂ ಸಂಬಂಧವೇ ಇರಲಿಲ್ಲ. ಉಳಿದವುಗಳಲ್ಲೂ ಕೆಲವಕ್ಕೆ ‘ಹೃದಯದ ಕಾಯಿಲೆ ಇದ್ದಿರಬಹುದು’ ಅನ್ನುವಷ್ಟೇ ಆಧಾರ ಸಿಕ್ಕಿತು.

ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಅದರ ಸ್ನಾಯು ಸಾಯುವುದು. ಹೃದಯಸ್ತಂಭನ ಅಂದರೆ ಹೃದಯ ನಿಂತುಹೋಗುವುದು. ಇದು ಯಾವ ಸಾವಿನಲ್ಲೂ ಕೊನೆಗೆ ಆಗುವಂಥದ್ದೇ. ಅದಕ್ಕೇ ಸಾವಿನ ಕಾರಣದ ಪ್ರಮಾಣಪತ್ರದಲ್ಲಿ ಬರೀ ‘ಹೃದಯ ನಿಂತಿತು’ ಅಂತ ಬರೆಯದೆ, ಯಾವ ಕಾಯಿಲೆಯಿಂದ ನಿಂತಿತು ಅಂತ ಬರೆಯಬೇಕು ಎಂದು ವೈದ್ಯರಿಗೆ ಸೂಚನೆ ಇದೆ. ಮಿದುಳಿನಲ್ಲಿ ರಕ್ತನಾಳ ಒಡೆದರೂ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡರೂ ಮನುಷ್ಯ ನಿಂತಲ್ಲೇ ಕುಸಿಯಬಹುದು. ಬರೀ ಹೊರಗಿನಿಂದ ನೋಡಿ ಇಂಥದ್ದೇ ಅಂತ ಹೇಳಲು ಆಗುವುದಿಲ್ಲ. ಕೊಯ್ದು ನೋಡಿದರೂ ಸುಲಭವಲ್ಲ. ಹೃದಯಾಘಾತವಾಗಿ ಒಂದೆರಡು ಗಂಟೆಯಲ್ಲೇ ತೀರಿಕೊಂಡವರ ಸ್ನಾಯುವಿನಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಆ ಸಣ್ಣ ನಾಳಗಳನ್ನು ಉದ್ದಕ್ಕೂ ಅಡ್ಡಡ್ಡ ಕೊಯ್ಯುತ್ತಾ ಹೆಪ್ಪು ಎಲ್ಲಿದೆ ಅಂತ ಹುಡುಕಬೇಕು.

ಇದು ಸುಮ್ನೆ ಪದದ ಜಗಳವಲ್ಲ. ಹೃದಯದ ಸ್ನಾಯು ದಪ್ಪವಾಗುವ ಒಂದು ಕಾಯಿಲೆ ವಂಶದಲ್ಲಿ ಬರುತ್ತದೆ. ಎಳೆಯ ವಯಸ್ಸಿನವರೊಬ್ಬರು ಅದರಿಂದ ಹೋದರೆ, ಒಡಹುಟ್ಟಿದವರನ್ನೂ ತಪಾಸಣೆ ಮಾಡಿಸಬೇಕು. ‘ಹೃದಯಾಘಾತ’ ಅಂತ ಬರೆದು ಮುಗಿಸಿದರೆ ಆ ಮನೆಯವರಿಗೆ ಇದು ಹೇಗೆ ಗೊತ್ತಾಗಬೇಕು?

ನನಗೆ ‘ಕುಸಿದು ಬಿದ್ದು ಸಾವು’ ಅನ್ನುವ ಹಳೆಯ ವರದಿಗಾರರ ಮಾತೇ ಸರಿ ಅನಿಸುತ್ತದೆ. ಕಂಡಷ್ಟನ್ನೇ ಹೇಳುತ್ತದೆ, ಕಾರಣ ಊಹಿಸುವುದಿಲ್ಲ. ‘ಹಠಾತ್ ಸಾವು’ ಕೂಡ ನಡೆಯುತ್ತದೆ.

ನಾನು ತೊಡಕಿಗೆ ಬಿದ್ದಿರುವುದು ‘ಇದ್ದಿರಬಹುದು’ ಅನ್ನುವಲ್ಲಿ. ತಲೆಬರಹಕ್ಕೆ, ಫಾರಂಗೆ ಒಂದೇ ಪದ ಬೇಕು. ‘ಸಂಭಾವ್ಯ ಹೃದಯಾಘಾತ’ ಅಂದರೆ ಮುಂದೆ ಆಗಬಹುದಾದದ್ದು ಅನಿಸುತ್ತದೆ, ‘ಸಂಭಾವ್ಯ ಅಭ್ಯರ್ಥಿ’ ಅನ್ನುತ್ತೇವಲ್ಲ, ಹಾಗೆ. ‘ಶಂಕಿತ’ ಅಂದರೆ ಪೊಲೀಸ್ ಕೇಸು ನೆನಪಾಗುತ್ತದೆ. ಆಗಿಹೋದದ್ದರ ಬಗ್ಗೆ, ಖಚಿತವಲ್ಲದಿದ್ದರೂ ಆಧಾರವಿರುವ ಊಹೆಗೆ ನಿಮ್ಮ ಕಡೆ ಏನನ್ನುತ್ತಾರೆ? ಸುದ್ದಿಮನೆಯಲ್ಲಿ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ದಯವಿಟ್ಟು ಹೇಳಿ.