ಸಹಾಯ ಬೇಕು: ಟೆಕ್ಸ್ಚರ್ ಗೋಡೆಗೆ ಯಾವ ವಿನೈಲ್ ನಿಲ್ಲುತ್ತದೆ?

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಸ್ಟಿಕರ್ ಕಟಿಂಗ್ ಅಂಗಡಿ. ಒಂದು ಆಫೀಸಿನ ರಿಸೆಪ್ಷನ್ ಗೋಡೆಗೆ 6 ಅಡಿ ಅಗಲದ ಲೋಗೋ ಅಂಟಿಸಬೇಕು. ಗೋಡೆಗೆ ರೋಲರ್ ಟೆಕ್ಸ್ಚರ್ ಕೊಟ್ಟು, ಮೇಲೆ ಒರೆಸಿದರೆ ಕಲೆ ಹೋಗುವ ಎಮಲ್ಷನ್ ಬಳಿದಿದ್ದಾರೆ. ಕೈಯಾಡಿಸಿದರೆ ತರಿತರಿ. ಪೇಂಟ್ ಹಳೆಯದೇ, ಹಸಿ ಇಲ್ಲ.

ಮೊದಲು ಒರಾಕಲ್ 631 ವಿನೈಲ್ (ಹಿಂದೆ ಅಂಟಿರುವ ಪ್ಲಾಸ್ಟಿಕ್ ಸ್ಟಿಕರ್ ಹಾಳೆ) ತುಂಡು ಅಂಟಿಸಿ ನೋಡಿದೆವು. ಸುಲಭವಾಗಿ ಕಿತ್ತು ತೆಗೆಯಬಹುದು, ನುಣುಪು ಗೋಡೆಗೆ ಚೆನ್ನಾಗಿ ಕೂರುತ್ತದೆ. ಇಲ್ಲಿ ಉಬ್ಬುಗಳ ತುದಿಗೆ ಮಾತ್ರ ಅಂಟು ತಾಗುತ್ತದೆ, ತಗ್ಗಿನಲ್ಲೆಲ್ಲ ಗಾಳಿ. ಬೆಳಿಗ್ಗೆ ಹೋಗಿ ನೋಡಿದರೆ ಅಕ್ಷರಗಳ ಮೂಲೆಗಳು ಕಾದ ಹಪ್ಪಳದ ಹಾಗೆ ಮೇಲೆದ್ದಿದ್ದವು. ಆಮೇಲೆ ಅದೇ ಕಂಪನಿಯ, ಇನ್ನೂ ಗಟ್ಟಿಯಾಗಿ ಅಂಟುವ 651 ಹಾಕಿ ಹೀಟ್ ಗನ್ ಹಿಡಿದೆವು. ಬಿಸಿ ಇರುವಾಗ ತಗ್ಗಿಗೆ ಇಳಿಯಿತು, ತಣ್ಣಗಾದ ಮೇಲೆ ಬಿಗಿದುಕೊಂಡು ಮತ್ತೆ ಎದ್ದಿತು. ಎರಡೂ ಕ್ಯಾಲೆಂಡರ್ಡ್ (ರೋಲರ್‌ಗಳ ನಡುವೆ ಒತ್ತಿ ಹಾಳೆ ಮಾಡಿದ) ವಿನೈಲ್ ಅಲ್ವಾ, ಅದರ ಗುಣವೇ ಅದು.

ಇಟ್ಟಿಗೆ, ಕಾಂಕ್ರೀಟ್ ಗೋಡೆಗೆ ಅಂತಲೇ ಬರುವ 3ಎಂ ಐಜೆ 8624 ತರಹದ ಕಾಸ್ಟ್ ಫಿಲ್ಮ್ (ದ್ರವವಾಗಿ ಹರಡಿ ಒಣಗಿಸಿ ಮಾಡಿದ ವಿನೈಲ್) ತರಿಸೋಣ ಅಂದುಕೊಂಡಿದ್ದೇನೆ. ತೆಳು ಇರುತ್ತದೆ, ಕಾಯಿಸಿ ಫೋಮ್ ರೋಲರ್‌ನಲ್ಲಿ ಒತ್ತಿದರೆ ತಗ್ಗಿಗೂ ಕೂರುತ್ತದೆ. ನನ್ನ ಗೊಂದಲ ಫಿಲ್ಮ್ ಬಗ್ಗೆ ಅಲ್ಲ, ಪೇಂಟ್ ಬಗ್ಗೆ. ಕಲೆ ಹಿಡಿಯದ ಪೇಂಟ್ ಅಂಟನ್ನೂ ಸರಿಯಾಗಿ ಹಿಡಿಯುವುದಿಲ್ಲ. ಹಿಡಿದರೂ ಕಷ್ಟ: ಆಫೀಸು ಬಾಡಿಗೆಯದು, ಮುಂದೆ ಕೀಳುವಾಗ ಪೇಂಟ್ ಸಮೇತ ಎದ್ದು ಬಂದರೆ ಓನರ್ ಸುಮ್ನೆ ಬಿಡುವುದಿಲ್ಲ. ಅಕ್ರಿಲಿಕ್ ಶೀಟಿನ ಮೇಲೆ ಲೋಗೋ ಮಾಡಿ ಗೋಡೆಗೆ ಕೂರಿಸುತ್ತೇವೆ ಅಂದರೆ ಪಾರ್ಟಿ ಒಪ್ಪುತ್ತಿಲ್ಲ.

ಇಂಥ ಪೇಂಟ್ ಮೇಲೆ ಕಾಸ್ಟ್ ಫಿಲ್ಮ್ ಹಾಕಿದವರು ಯಾರಾದರೂ ಇದ್ದೀರಾ? ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಒರೆಸಿದರೆ ಸಾಕೇ, ಅಂಟು ಹಿಡಿಯಲು ಮೊದಲೇ ಹಚ್ಚುವ ಪ್ರೈಮರ್ ಬೇಕೇ? ಕೀಳುವಾಗ ಪೇಂಟ್ ಉಳಿಯಿತೇ?