ಸಹಾಯ ಬೇಕು: ಕೆಳಗಡೆ ಬಾತ್‌ರೂಮಲ್ಲಿ ಕೊಳಚೆ ನೀರು ವಾಪಸ್ ಬರ್ತಿದೆ
ಎಲ್ರಿಗೂ ನಮಸ್ಕಾರ, ಬೆಂಗಳೂರಲ್ಲಿ ನಮ್ದು ಹಳೇ ಮನೆ, ಮೇಲಿನ ಬಾಡಿಗೆಯವ್ರು ವಾಷಿಂಗ್ ಮಷೀನ್ ಹಾಕಿದ್ರೆ ಸಾಕು ಕೆಳಗಡೆ ನಮ್ ಬಾತ್‌ರೂಮ್ ಜಾಲರಿಯಿಂದ ನೀರು ಉಕ್ಕತ್ತೆ, ಕಮೋಡ್ ಗುಳುಗುಳು ಅನ್ನತ್ತೆ, ವಾಸನೆ ಅಂತೂ ಕೇಳ್ಲೇಬೇಡಿ. ಒಂದೇ ಕಡೆ ಕಟ್ಕೊಂಡಿದ್ರೆ ಅಲ್ಲಿನ ಟ್ರ್ಯಾಪ್ (ಜಾಲರಿ ಕೆಳಗೆ ನೀರು ನಿಲ್ಲೋ ಭಾಗ) ಕ್ಲೀನ್ ಮಾಡಿದ್ರೆ ಆಗೋದು, ಎಲ್ಲಾ ಕಡೆ ಒಟ್ಟಿಗೆ ಅಂದ್ರೆ ಮೇನ್ ಲೈನೇ ಬ್ಲಾಕ್ ಅಲ್ವಾ? ಗೇಟ್ ಹತ್ರದ ಚೇಂಬರ್ ತುಂಬಿ ನಿಂತಿದೆ, 1916ಕ್ಕೆ ಫೋನ್ ಮಾಡಿದ್ವಿ, ಜಲಮಂಡಳಿಯವ್ರು ಬಂದು ರೋಡ್ ಮ್ಯಾನ್‌ಹೋಲಲ್ಲಿ ಸರಾಗವಾಗಿ ಹರೀತಿದೆ ಅಂದ್ರು, ಹಂಗಾದ್ರೆ ತೊಂದ್ರೆ ಮಧ್ಯದ ಪೈಪಲ್ಲೇ. ಹಳೇ ಮಣ್ಣಿನ ಪೈಪು, ಪಕ್ಕದಲ್ಲೇ ದೊಡ್ಡ ಮರ ಬೇರೆ, ಜಾಯಿಂಟಲ್ಲಿ ಬೇರು ನುಗ್ಗಿದ್ಯೋ ಏನೋ. ಪ್ಲಂಬರ್ ಎಲ್ಲಾ ಅಗೆದು ಪಿವಿಸಿ ಹಾಕ್ಬೇಕು ಅಂತಾನೆ, ಅದಕ್ಕೂ ಮುಂಚೆ ಕ್ಯಾಮೆರಾ ಬಿಟ್ಟು ನೋಡೋರು ಅಥ್ವಾ ಜೆಟ್ಟಿಂಗ್ (ಮಷೀನಲ್ಲಿ ಜೋರಾಗಿ ನೀರು ಹೊಡೆದು ಪೈಪ್ ಕ್ಲೀನ್) ಮಾಡೋರು ಗೊತ್ತಿದ್ರೆ ಹೇಳಿ, ಎಷ್ಟಾಗತ್ತೆ? ಗುಂಡಿಗೆ ಆಳು ಇಳಿಸೋರು ಬೇಡ್ವೇ ಬೇಡ, ಮಷೀನ್ ಇರೋರೇ ಬೇಕು.