ಹೆರಕಲ್ ಹಿನ್ನೀರಿನಲ್ಲಿ ಅಮೆರಿಕದ ಹಕ್ಕಿ? ಕಾಲು ಒಮ್ಮೆ ಕಪ್ಪು, ಒಮ್ಮೆ ಹಳದಿ

ಎರೆಹೊಲ (ಬಾಗಲಕೋಟೆ):
ನಮಸ್ಕಾರ್ರೀ. ಭಾನುವಾರ ಹೆರಕಲ್ ಹತ್ತಿರ, ನೀರು ಸರಿದ ಕೆಸರಿನಲ್ಲಿ ಗುಬ್ಬಿಯಷ್ಟೇ ಇರುವ ಒಂದು ಹಕ್ಕಿ ಸಿಕ್ಕಿತು. ಫೋಟೊವನ್ನು ಹಕ್ಕಿ ಗುರುತಿಸುವ ಆ್ಯಪ್‌ಗೆ ಕೊಟ್ಟರೆ ಮೂರು ಸಲವೂ ‘ಲೀಸ್ಟ್ ಸ್ಯಾಂಡ್‌ಪೈಪರ್’ ಅಂದಿತು. ನೋಡಿದರೆ ಅದು ಅಮೆರಿಕದ್ದು! ಇನ್ನೊಂದು ಗೊಂದಲ. ಬಹಳಷ್ಟು ಫೋಟೊಗಳಲ್ಲಿ ಕಾಲು ಕಪ್ಪು, ಒಂದರಲ್ಲಿ ಮಾತ್ರ ಹಳದಿ. ಹಕ್ಕಿ ಒಂದೇ, ಆಣೆ ಮಾಡಿ ಹೇಳುತ್ತೇನೆ. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ತಾಣಕ್ಕೆ ಹಾಕಲಾ?

ಕೆಸರುಗಾಲು:
ತಡೀರಿ, ಈಗಲೇ ಬೇಡ. ಲೀಸ್ಟ್ ಸ್ಯಾಂಡ್‌ಪೈಪರ್ ಅಲಾಸ್ಕಾ, ಉತ್ತರ ಕೆನಡಾದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಕ್ಷಿಣ ಅಮೆರಿಕದವರೆಗೂ ಇಳಿಯುವ ಹಕ್ಕಿ. ಅಟ್ಲಾಂಟಿಕ್ ದಾಟಿ ಯುರೋಪಿನ ಪಶ್ಚಿಮಕ್ಕೆ ಬಂದರೇ ಅಲ್ಲಿ ದೊಡ್ಡ ಸುದ್ದಿ. ನಿಮ್ಮ ಆ್ಯಪ್‌ನಲ್ಲಿ ಊರು ಯಾವುದಿದೆ, ಮೊದಲು ಅದನ್ನು ನೋಡಿ.

ಕಾಲಿನ ಕತೆ ಸುಲಭ. ನಮ್ಮ ಎರೆಮಣ್ಣು ಚಪ್ಪಲಿಗೆ ಮೆತ್ತಿದರೇ ಬಿಡಲ್ಲ, ಇನ್ನು ಕಡ್ಡಿಯಂಥ ಕಾಲು ಬಿಡುತ್ತದಾ? ಕೆಸರು ಒಣಗಿದರೆ ಹಳದಿ ಕಾಲೂ ಕಪ್ಪಾಗಿ ಕಾಣುತ್ತದೆ. ಹಳದಿ ಕಂಡ ಫೋಟೊದಲ್ಲಿ ಹಕ್ಕಿ ನೀರಲ್ಲಿ ನಿಂತಿತ್ತಾ?

ಎರೆಹೊಲ:
ಹೌದ್ರೀ! ನೀರಿನಿಂದ ಆಗಷ್ಟೇ ಮೇಲೆ ಬಂದಿತ್ತು.
ಆ್ಯಪ್ ನೋಡಿದೆ, ನಗು ಬಂತು. ಈ ಫೋನ್ ಅಮೆರಿಕದಲ್ಲಿರುವ ಅಳಿಯ ಬಳಸಿ ಕೊಟ್ಟದ್ದು. ಅದರಲ್ಲಿ ಅಲ್ಲಿಯ ಹಕ್ಕಿಗಳ ಪಟ್ಟಿ ಮಾತ್ರ ಇದೆ.

ಕೆಸರುಗಾಲು:
ಮತ್ತೆ ಪಾಪ ಅದು ಇನ್ನೇನು ಹೇಳೀತು? ಇದ್ದುದರಲ್ಲೇ ಹತ್ತಿರದ್ದನ್ನು ಆರಿಸಿದೆ.

ನೀರಲ್ಲಿ ತೊಳೆದ ಕಾಲು ಹಳದಿ ಅಂದಮೇಲೆ ಲಿಟಲ್ ಸ್ಟಿಂಟ್ ಅಲ್ಲ. (ಸ್ಟಿಂಟ್ ಅಂದರೆ ಕೆಸರಲ್ಲಿ ಮೇಯುವ ಇಂಥ ಪುಟಾಣಿ ಹಕ್ಕಿಗಳು.) ನಮ್ಮಲ್ಲಿ ಚಳಿಗಾಲಕ್ಕೆ ಜಾಸ್ತಿ ಬರುವುದು ಅದೇ, ಆದರೆ ಅದರ ಕಾಲು ತೊಳೆದರೂ ಕಪ್ಪೇ. ಹಳದಿ ಕಾಲಿನ ಪುಟಾಣಿ ಅಂದರೆ ಟೆಮ್ಮಿಂಕ್ಸ್ ಸ್ಟಿಂಟ್ ಅಥವಾ ಲಾಂಗ್-ಟೋಡ್ ಸ್ಟಿಂಟ್. ಇನ್ನು ಕಾಲು ಬಿಡಿ, ಬೆನ್ನು ನೋಡಿ. ಗೆರೆ ಗೆರೆಯಾಗಿದ್ದರೆ ಲಾಂಗ್-ಟೋಡ್. ಗೆರೆ ಇಲ್ಲದೆ ಮಾಸಲು ಬೂದುಕಂದು ಇದ್ದರೆ ಟೆಮ್ಮಿಂಕ್ಸ್.

ತಿನ್ನುವ ರೀತಿಯೂ ಬೇರೆ. ಲಿಟಲ್ ಸ್ಟಿಂಟ್‌ಗೆ ಒಂದು ಕಡೆ ನಿಲ್ಲಲು ಪುರುಸೊತ್ತಿಲ್ಲ, ಬಸ್ಸು ತಪ್ಪಿದವರ ಹಾಗೆ ಓಡುತ್ತದೆ. ಟೆಮ್ಮಿಂಕ್ಸ್ ಹುಲ್ಲಂಚಿನಲ್ಲಿ ಕಾಲು ಮಡಚಿ, ಕಳ್ಳಹೆಜ್ಜೆಯಲ್ಲಿ ಮೇಯುತ್ತದೆ. ಎದ್ದು ಹಾರಿದಾಗ ಬಾಲದ ಎರಡೂ ಅಂಚು ಅಚ್ಚ ಬಿಳಿ. ಉಳಿದೆರಡರದ್ದು ಬೂದು.

ಕೃಷ್ಣೆದಂಡೆ:
ನಾನು ಕಾಲಿನ ಬಣ್ಣ ನಂಬಿ ಎರಡು ವರ್ಷ ತಪ್ಪು ಬರೆದಿದ್ದೇನೆ. ಸಂಜೆ ಬಿಸಿಲಿಗೂ ಕಾಲು ಹಳದಿಯಾಗಿ ಕಾಣುತ್ತದೆ, ಹುಷಾರು. ಕೂಗು ಕೇಳಿ: ಟೆಮ್ಮಿಂಕ್ಸ್ ‘ತಿರ್ರ್‌ರ್’ ಅಂತ ಸಣ್ಣ ಗೆಜ್ಜೆ ಅಲ್ಲಾಡಿಸಿದ ಹಾಗೆ, ಲಿಟಲ್ ಬರೀ ‘ತಿಟ್’.

ಎರೆಹೊಲ:
ಇವತ್ತು ಮತ್ತೆ ಹೋಗಿದ್ದೆ. ಅದೇ ಜಾಗ, ಹುಲ್ಲಿನ ಅಂಚು. ಬೆನ್ನಲ್ಲಿ ಗೆರೆಯೇ ಇಲ್ಲ. ಒಂದು ಎಮ್ಮೆ ನೀರಿಗಿಳಿಯಿತು ನೋಡಿ, ಹಕ್ಕಿ ‘ತಿರ್ರ್‌ರ್’ ಅನ್ನುತ್ತಾ ನೆಟ್ಟಗೆ ಮೇಲೆದ್ದಿತು. ಬಾಲದ ಅಂಚು ಬಿಳಿ! ಟೆಮ್ಮಿಂಕ್ಸ್ ಅಂತ ಬರೆದೆ. ಆ್ಯಪ್‌ಗೆ ಭಾರತದ ಪಟ್ಟಿ ಇಳಿಸಿ ಹಳೇ ಫೋಟೊ ಕೊಟ್ಟೆ, ಈಗ ಅದೂ ಅದನ್ನೇ ಹೇಳುತ್ತಿದೆ.

ಕೃಷ್ಣೆದಂಡೆ:
ಎಮ್ಮೆಯ ಹೆಸರನ್ನೂ ಹಾಕಿ ರೀ, ಗುರುತು ಹಿಡಿಸಿದ್ದು ಅದೇ ಅಲ್ವಾ.